ಶರಣಪ್ಪನ ಹೋಳಿ ಹೆಣ

ಮೊನ್ನೆ ಯಲಬುರ್ಗಾದಲ್ಲಿ ಬಸ್ಸಿಳಿದು ಕಣ್ಣಿನ ಡಾಕ್ಟರರ ಕಡೆಗೆ ಹೊರಟಿದ್ದೆ. ತಹಸೀಲ್ದಾರ ಕಚೇರಿಯ ಎದುರು ಹಲಗೆ ಬಾರಿಸುವ ಸದ್ದು ಕೇಳಿ ನಿಂತೆ. ಹತ್ತಿಪ್ಪತ್ತು ಹುಡುಗರು ಹಸಿ ಬಿದಿರಿನ ಚಟ್ಟ ಹೊತ್ತು ಬರುತ್ತಿದ್ದರು. ಅದರ ಮೇಲೆ ಹುಲ್ಲು ತುಂಬಿದ ಒಂದು ಬೊಂಬೆ, ಅದಕ್ಕೆ ಪ್ಯಾಂಟು ಶರಟು, ಎದೆಯ ಮೇಲೆ ಯಾವನೋ ಅಧಿಕಾರಿಯ ಹೆಸರು ಬರೆದ ರಟ್ಟು. ಪತ್ರಿಕೆಯವರು ಇದಕ್ಕೆ ಅಣಕು ಶವಯಾತ್ರೆ ಎನ್ನುತ್ತಾರೆ. ಒಬ್ಬ ಹುಡುಗ ಟವೆಲ್ಲನ್ನೇ ಸೆರಗು ಮಾಡಿ ತಲೆಯ ಮೇಲೆ ಹೊದ್ದು ಎದೆ ಬಡಿದುಕೊಂಡು ಅಳುತ್ತಿದ್ದ. ಹೆಣದ ಮೇಲೆ ತೂರಿದ ಚುರುಮರಿ ಗಾಳಿಗೆ ಹಾರಿ ನನ್ನ ಮೈಮೇಲೂ ಬಿತ್ತು. ಮನೆಗೆ ಬಂದು ಅಂಗಿ ಬಿಚ್ಚಿದಾಗ ಜೇಬಿನಿಂದ ಉದುರಿದ ಚುರುಮರಿಯನ್ನು ನೋಡಿ ನನ್ನ ಹೆಂಡತಿ, “ಈ ವಯಸ್ಸಿನ್ಯಾಗ ಕದ್ದು ತಿನ್ನೂದು ಬ್ಯಾರೆ ಕಲತೀರೇನು?” ಎಂದಳು. ಹೆಣದ ಮೇಲಿನದು ಎಂದು ಹೇಳಿದ್ದರೆ ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಸಿಕೊಳ್ಳಬೇಕಾಗಿತ್ತು. ಕದ್ದು ತಿಂದೆ ಎಂದೇ ಒಪ್ಪಿಕೊಂಡೆ.

ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ಆ ಹುಡುಗನ ಅಳು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಎದೆ ಬಡಿತಕ್ಕೂ ದನಿಗೂ ಹೊಂದಿಕೆಯೇ ಇಲ್ಲ. ನಡುನಡುವೆ ಫೋಟೋ ತೆಗೆಯುವವನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದ. ಗಂಡನನ್ನು ಕಳೆದುಕೊಂಡವಳು ಹಾಗೆಲ್ಲ ಹಲ್ಲು ಕಿರಿಯುತ್ತಾಳೆಯೇ? ನಿಮಗೇನು ಗೊತ್ತು ಎಂದು ಕೇಳಬೇಡಿ. ನಿಜಾಮರ ಕಾಲದಲ್ಲಿ, ನನಗೆ ಇಪ್ಪತ್ತು ತುಂಬುವ ಹೊತ್ತಿಗೆ, ನಾನು ನಮ್ಮೂರಿನ ಅಧಿಕೃತ ವಿಧವೆಯಾಗಿದ್ದೆ.

ನಮ್ಮೂರು ಯಲಬುರ್ಗಾದಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಎರೆ ಭೂಮಿ, ಮಣ್ಣಿನ ಮಾಳಿಗೆಯ ಮನೆಗಳು, ಊರಿಗೊಂದು ಅಗಸಿ ಬಾಗಿಲು. ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟ ಮರುದಿನ ಬೆಳಿಗ್ಗೆ ಅಲ್ಲೊಂದು ಹೆಣ ಏಳುತ್ತಿತ್ತು. ಸತ್ತವರದಲ್ಲ, ಬದುಕಿದ್ದವರದು. ಆ ವರ್ಷ ಊರಿನಲ್ಲಿ ಯಾವನು ಮಾಡಬಾರದ್ದನ್ನು ಮಾಡಿದ್ದಾನೋ ಅವನ ಹೆಸರಿನಲ್ಲಿ ಒಂದು ಬೊಂಬೆ ಮಾಡಿ, ನಮ್ಮ ಕಡೆ ಹೆಣವನ್ನು ಕೂಡಿಸುವಂತೆ ಕೂಡಿಸಿ, ಊರೆಲ್ಲ ಹೊತ್ತು ತಿರುಗುತ್ತಿದ್ದೆವು. ಮುಂದೆ ಹಲಗೆ, ಹಿಂದೆ ಬಾಯಿ ಬಡಿದುಕೊಳ್ಳುವ ಪಡ್ಡೆ ಹುಡುಗರ ದಂಡು, ಹೆಣದ ಪಕ್ಕದಲ್ಲಿ ಸೀರೆಯುಟ್ಟ ಹೆಂಡತಿ. ನಮ್ಮಲ್ಲಿ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಾಡಿಕೊಂಡು ಅಳುತ್ತಾರೆ. ಸತ್ತವನ ಗುಣವೆಲ್ಲ ಆ ಹಾಡಿನಲ್ಲಿ ಬರುತ್ತದೆ. ಹೋಳಿಯ ಹೆಂಡತಿ ಗುಣದ ಬದಲು ಅವಗುಣ ಹಾಡುತ್ತಿದ್ದಳು. ಆ ಹೆಂಡತಿ ನಾನು. ಮೀಸೆ ತಡವಾಗಿ ಬಂದದ್ದು, ದನಿ ಒಡೆಯುವುದಕ್ಕೆ ಮರೆತದ್ದು, ಇವೆರಡೇ ನನ್ನ ಅರ್ಹತೆಗಳು. ಸೀರೆ ನಮ್ಮ ವೈನಿಯದು. ಅಂದರೆ ಅಣ್ಣನ ಹೆಂಡತಿಯದು. ವರ್ಷವಿಡೀ ನನ್ನನ್ನು ಬೈಯುತ್ತಿದ್ದ ಆಕೆ ಅಂದು ಮಾತ್ರ ನೆರಿಗೆ ಹಿಡಿದು ಉಡಿಸಿ, “ಛಲೋ ಅಳು, ನಮ್ಮ ಮನಿ ಹೆಸರು ಉಳಸು” ಎಂದು ಕಳಿಸುತ್ತಿದ್ದಳು.

ಅಂದಿನ ಕಾಲದಲ್ಲಿ ನಾಚಿಸುವುದಕ್ಕೆ ದಾರಿಗಳು ಹಲವಿದ್ದವು. ಕುಷ್ಟಗಿ ಕಡೆಯ ಒಂದು ಊರಲ್ಲಿ ಸುಳ್ಳು ಅಳತೆ ಮಾಡಿದ ಅಂಗಡಿಕಾರನ ಕೊರಳಿಗೆ ಅವನದೇ ಸೇರು ಕಟ್ಟಿ ಸಂತೆಯಲ್ಲಿ ನಿಲ್ಲಿಸಿದ್ದರಂತೆ. ಅರ್ಧ ಮೀಸೆ ಬೋಳಿಸುವುದು, ಸುಣ್ಣ ಮಸಿ ಬಳಿದು ಕತ್ತೆಯ ಮೇಲೆ ಹಿಂದುಮುಂದಾಗಿ ಕೂಡಿಸುವುದು, ಇವೆಲ್ಲ ಕೇಳಿದ್ದೇನೆ. ಕೆಲವನ್ನು ನೋಡಿಯೂ ಇದ್ದೇನೆ, ನೋಡಿ ಊಟ ಬಿಟ್ಟಿದ್ದೇನೆ. ಹೋಳಿ ಹೆಣ ಅಷ್ಟು ಕ್ರೂರವಾದುದಲ್ಲ ಎಂದು ನಮ್ಮ ಹೆಮ್ಮೆ. ಯಾರ ಮೈಯನ್ನೂ ಮುಟ್ಟುವುದಿಲ್ಲ. ಹೆಸರು ಬಂದವನು ಸಿಟ್ಟಾಗಬಾರದು, ಪೊಲೀಸ್ ಪಾಟೀಲನ ಹತ್ತಿರ ಹೋಗಬಾರದು. ನಾಲ್ಕು ಕುಳ್ಳು, ಎಂದರೆ ಬೆರಣಿ, ಒಂದು ತೆಂಗಿನಕಾಯಿ ಕೊಟ್ಟುಬಿಟ್ಟರೆ ಸಂಜೆಗೆ ಎಲ್ಲ ಮುಗಿಯಿತು. ಮಂದಿ ಅಮೀನ ಸಾಹೇಬನ ಠಾಣೆಗಿಂತ ಆ ಒಂದು ಬೆಳಗಿಗೆ ಹೆಚ್ಚು ಹೆದರುತ್ತಿದ್ದರು.

ನಮಗೆ ಬೊಂಬೆ ತುಂಬಿಕೊಡುತ್ತಿದ್ದವನು ಪಿಂಜಾರ ದಸ್ತಗಿರಿ ಸಾಬ. ಹತ್ತಿ ಹಿಂಜಿ ಗಾದಿ ಮಾಡುವವನು. ಅವನ ಕೈಯ ಬೊಂಬೆ ಎಂದರೆ ಎದ್ದು ಮಾತಾಡುತ್ತದೆಯೋ ಎನ್ನಿಸುತ್ತಿತ್ತು. ಪ್ರತಿ ವರ್ಷ ಬೊಂಬೆಯನ್ನು ನಮ್ಮ ಕೈಗೆ ಕೊಡುವಾಗ ಎರಡು ಮಾತು ಹೇಳುತ್ತಿದ್ದ. “ನೋಡ್ರಿ ಬೇಟಾ, ಇದನ್ನ ಯಾರ ಬಾಗಲ ಮುಂದನೂ ನೆಲಕ್ಕ ಇಳಸಬ್ಯಾಡ್ರಿ. ಇಳಿಸಿದ್ರ ಹೆಣಾ ಆ ಮನೀದಾಗತೈತಿ. ಮತ್ತ ಖರೇ ಹೆಣ್ಣಮಕ್ಕಳು ಯಾರೂ ಇದರ ಮುಂದ ಅಳಬಾರದು.” ಅದಕ್ಕೇ ಹೆಣ ಬಂತೆಂದರೆ ಆ ಮನೆಯ ಹೆಂಗಸರು ಬಾಗಿಲು ಮುಂದಕ್ಕೆ ಮಾಡಿಕೊಂಡು ಒಳಗೆ ಕೂಡುತ್ತಿದ್ದರು. ನಮಗೆ ಇದು ಮುದುಕನ ಮಾತು. ತಲೆಯಲ್ಲಾಡಿಸಿ ಬರುತ್ತಿದ್ದೆವು.

ಆ ವರ್ಷ ಹೆಸರು ಬಂದದ್ದು ಶರಣಪ್ಪನದು. ನಮ್ಮ ಮನೆಯಿಂದ ಐದನೆಯ ಮನೆ. ಎತ್ತರದ ಆಳು, ದುಡಿತಗಾರ, ಮಾತಿಗೆ ತಪ್ಪಿದವನಲ್ಲ. ಕೆಟ್ಟವನು ಎಂದು ಬರೆದುಬಿಟ್ಟರೆ ನನ್ನ ಕೆಲಸ ಹಗುರಾಗುತ್ತಿತ್ತು, ಆದರೆ ಅವನು ಕೆಟ್ಟವನಾಗಿರಲಿಲ್ಲ. ಅವನಿಗೆ ಒಬ್ಬಳೇ ತಂಗಿ, ಗೌರವ್ವ. ಅವಳನ್ನು ನವಲಿಗೆ, ಭತ್ತದ ಗದ್ದೆಯ ಮನೆತನಕ್ಕೆ ಕೊಟ್ಟು, ಸುತ್ತಿನ ಊರವರು ಇಂದಿಗೂ ನೆನೆಸುವಂಥ ಮದುವೆ ಮಾಡಿದ್ದ. ಕೆಲವು ವರ್ಷಕ್ಕೆ ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಗಂಡನ ಮನೆಯವರು ಒಂದು ಗಂಟು ಕೊಟ್ಟು ಹೊರಗೆ ಹಾಕಿದರು. ಗಂಟು ಹೊತ್ತುಕೊಂಡು ತವರಿಗೆ ಬಂದವಳನ್ನು ಶರಣಪ್ಪ ಹೊಸ್ತಿಲ ಮೇಲೆ ನಿಂತು ನೋಡಿ, “ಕೊಟ್ಟ ಮನ್ಯಾಗ ಇರಬೇಕು, ತಿರುಗಿ ಬರಬಾರದು” ಎಂದು ಬಾಗಿಲು ಹಾಕಿದ.

ನಮ್ಮ ಅಪ್ಪ ಹಿತ್ತಲಲ್ಲಿದ್ದ ಹಳೆಯ ದನದ ಕೊಟ್ಟಿಗೆಯನ್ನು ಅವಳಿಗೆ ಬಿಟ್ಟುಕೊಟ್ಟ. ಅವರಿವರ ಹೊಲದಲ್ಲಿ ಹತ್ತಿ ಬಿಡಿಸಿ, ಕಳೆ ತೆಗೆದು ಅವಳು ಅಲ್ಲಿ ಮೂರು ವರ್ಷ ಕಳೆದಳು. ಅವಳ ತಾಯಿ ನಿಂಗವ್ವ ಮಗನ ಮನೆಯಲ್ಲೇ ಇದ್ದಳು. ಮುದುಕಿ ಪ್ರತಿದಿನ ಖಾಲಿ ಕೊಡದಲ್ಲಿ ರೊಟ್ಟಿ ಇಟ್ಟುಕೊಂಡು ಬಾವಿಗೆ ಬರುವಳು. ರೊಟ್ಟಿಯನ್ನು ಮಗಳಿಗೆ ಕೊಟ್ಟು ಕೊಡದಲ್ಲಿ ನೀರು ತುಂಬಿಕೊಂಡು ಹೋಗುವಳು. ಇದು ಊರಿಗೆಲ್ಲ ಗೊತ್ತಿತ್ತು, ಶರಣಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದವನಂತೆ ಅವನು ತಿರುಗುತ್ತಿದ್ದುದೇ ನಮಗೆ ಹೆಚ್ಚು ಸಿಟ್ಟು ತರಿಸಿತ್ತು. ನಾಗರ ಪಂಚಮಿ ಬಂದರೆ ಊರಿನ ಅಣ್ಣತಮ್ಮಂದಿರೆಲ್ಲ ಗಾಡಿ ಕಟ್ಟಿಕೊಂಡು ಅಕ್ಕತಂಗಿಯರನ್ನು ಕರೆಯಲು ಹೋಗುವರು. ಐದು ಮನೆಯಾಚೆ ಇದ್ದ ತಂಗಿಯನ್ನು ಇವನು ಕರೆಯಲಿಲ್ಲ. ಈ ಅಣ್ಣ ಅವಳನ್ನು ಒಳಗೆ ಕರೆಯುತ್ತಾನೋ ಇಲ್ಲವೋ ಎಂಬುದೇ ಮೂರು ವರ್ಷ ನಮ್ಮೂರಿನ ಬಾವಿಕಟ್ಟೆಯ ಮಾತಾಗಿತ್ತು.

ಸರಿ, ಹೋಳಿ ಬಂತು. ಒಣಹಾಕಿದ್ದ ಅವನ ಕೆಂಪು ರುಮಾಲನ್ನೇ ಹಾರಿಸಿಕೊಂಡು ಬಂದು ಬೊಂಬೆಗೆ ಸುತ್ತಿದೆವು. ದಸ್ತಗಿರಿ ಸಾಬ ಅವತ್ತು ಬೊಂಬೆಯ ಭುಜ ತುಂಬುತ್ತ, “ಇಂವನ ಮಾಡಬೇಕಾಗಿದ್ದಿಲ್ಲ ಬೇಟಾ, ಇಂವಗ ತಾಯಿ ಅದಾಳ” ಎಂದ. ತಾಯಿ ಯಾರಿಗಿಲ್ಲ ಎಂದು ನಾವು ನಕ್ಕೆವು.

ಹೊತ್ತು ಏರುವ ಹೊತ್ತಿಗೆ ಹೆಣ ಶರಣಪ್ಪನ ಓಣಿಗೆ ಬಂತು. ಮಾಳಿಗೆಗಳ ಮೇಲೆಲ್ಲ ಜನ. ಅವನ ಮನೆಯ ಮುಂದೆ ಎತ್ತರದ ಕಟ್ಟೆ. ನನಗೆ ಆ ಕಟ್ಟೆ ಕಂಡದ್ದೇ ತಡ, ಅಳುವ ಹುರುಪು ನೆತ್ತಿಗೇರಿತು. ಅಂಥ ಜಾಗ, ಅಷ್ಟು ಜನ ಮತ್ತೆ ಯಾವಾಗ ಸಿಗುತ್ತಾರೆ? “ಇಳಸ್ರೋ, ಸ್ವಲ್ಪ ಇಳಸ್ರಿ” ಎಂದೆ. ಹೊತ್ತವರಿಗೂ ಹೆಗಲು ನೋಯುತ್ತಿತ್ತು. ಕಟ್ಟೆಯ ಮೇಲೆ, ಬಾಗಿಲಿಗೆ ಎದುರಾಗಿ ಹೆಣವನ್ನು ಕೂಡಿಸಿಬಿಟ್ಟರು. ನಾನು ಅದರ ಮುಂದೆ ಕಾಲು ಚಾಚಿ ಕುಳಿತು ಸೆರಗು ಎಳೆದುಕೊಂಡು ಹಾಡಿಗೆ ತೊಡಗಿದೆ. ಒಡಹುಟ್ಟಿದವಳನ್ನು ದನದ ಕೊಟ್ಟಿಗೆಗೆ ದೂಡಿದ ಗಂಡನೇ, ಎತ್ತಿಗೆ ಹೊಟ್ಟು ಹಾಕಿ ತಂಗಿಗೆ ಹೊಟ್ಟೂ ಹಾಕದ ದೊರೆಯೇ ಎಂದು ಏನೇನೋ ಕಟ್ಟಿ ಹಾಡಿದೆ. ಮಾಳಿಗೆಯ ಮೇಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಶರಣಪ್ಪ ಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖ ಕಪ್ಪಿಟ್ಟಿತ್ತು, ಆದರೂ ಪದ್ಧತಿಯಂತೆ ಸುಮ್ಮನಿದ್ದ.

ಅವನನ್ನು ಪಕ್ಕಕ್ಕೆ ಸರಿಸಿ ನಿಂಗವ್ವ ಹೊರಗೆ ಬಂದಳು.

ಗೂನು ಬೆನ್ನಿನ ಸಣ್ಣ ಮುದುಕಿ. ನಮ್ಮನ್ನು ಬೈಯಲು ಬಂದಳು ಎಂದುಕೊಂಡು ನಾನು ಎದ್ದು ಓಡಲು ಸೀರೆ ಎತ್ತಿಕೊಂಡೆ. ಅವಳು ಬೈಯಲಿಲ್ಲ. ನನ್ನ ಪಕ್ಕದಲ್ಲೇ ಕುಳಿತಳು. ಬೊಂಬೆಯ ರುಮಾಲನ್ನು ನೋಡಿ, ಅದರ ಸುತ್ತು ಸರಿಯಿಲ್ಲವೆಂದು ಬಿಚ್ಚಿ, ಮಗನಿಗೆ ಸುತ್ತುವ ಹಾಗೆ ಮತ್ತೆ ಸುತ್ತಿದಳು. ಆಮೇಲೆ ಬೊಂಬೆಯ ಕೆನ್ನೆಗೆ ಕೈ ಹಚ್ಚಿ ದನಿ ತೆಗೆದಳು.

“ಎದ್ದೇಳೋ ನನ ಶರಣಾ, ಯಾಕ ಮಾರಿ ಬಾಡಿಸೀದಿ… ತಂಗಿಗೆ ಸಿಡಬ ಎದ್ದಾಗ ಬೇವಿನ ತಪ್ಪಲ ಬೀಸಿಕೋಂತ ಕುಂತ ಮಗನ… ನಿನ ಪಾಲಿನ ಹಾಲು ಅಕಿ ಬಾಯಾಗ ಹಾಕಿದ ಮಗನ… ನವಲಿಗೆ ಗಾಡಿ ಹೊಂಟಾಗ ಗಾಲಿ ಹಿಡಕೊಂಡು ಓಡಿದ್ಯಲ್ಲೋ… ಅಂಥಾ ಮಗಾ ಸತ್ತದ್ದು ನನಗ ಯಾರೂ ಹೇಳಲಿಲ್ಲೋ… ತಂಗಿಗೆ ಬಾಗಲಾ ಹಾಕಿದ ದಿನಾನ ನೀ ಸತ್ತಿದ್ದೆಲ್ಲೋ… ಮೂರ ವರ್ಸಾ ತಿಳೀದ, ನಿನ ಹೆಣಕ್ಕ ರೊಟ್ಟಿ ಬಡದು ನೀಡಿದ್ನೆಲ್ಲೋ ನನ ಶರಣಾ…”

ಹಲಗೆ ನಿಂತಿತು. ಯಾರೂ ನಿಲ್ಲಿಸು ಎನ್ನಲಿಲ್ಲ, ಬಾರಿಸುವವನ ಕೈಯೇ ನಿಂತಿತು. ನಾನು ಅಷ್ಟು ವರ್ಷ ಅತ್ತದ್ದು ಏನು ಎಂಬುದು ನನಗೆ ಆಗ ತಿಳಿಯಿತು. ನನ್ನದು ಗಂಟಲಿನ ಕೆಲಸ.  ನಮ್ಮ ಹಾಡಿನಲ್ಲಿ ಅವನು ಮಾಡಿದ ಕೆಟ್ಟದ್ದೆಲ್ಲ ಇತ್ತು, ಅವಳ ಹಾಡಿನಲ್ಲಿ ಅವನು ಮಾಡಿದ ಒಳ್ಳೆಯದಿತ್ತು. ಅವನು ಅದನ್ನು ಕೇಳಿ ನಿಲ್ಲಲಾರದೆ ಹೋದ. ಕಾಯಿ ಕೈಜಾರಿ ಬಿತ್ತು.

“ಅವ್ವಾ, ನಾ ಇಲ್ಲೇ ಅದೀನಿ” ಎಂದ.

ಅವಳು ತಿರುಗಿ ನೋಡಲಿಲ್ಲ. “ಯಾರೋ ಬಾಗಲದಾಗ ನಿಂತಾರ, ಸರೀರಪಾ. ಹೆಣಾ ಎತ್ತೂ ಹೊತ್ತಾತು” ಎಂದಳು. ಒಂದು ಹಿಡಿ ಮಣ್ಣು ತೆಗೆದು ಬೊಂಬೆಯ ಉಡಿಯಲ್ಲಿ ಹಾಕಿ, “ಹೊತಗೊಂಡು ಹೋಗ್ರಿ” ಎಂದು ನಮಗೆ ಹೇಳಿ ಎದ್ದಳು.

ಪ್ರತಿ ವರ್ಷ ಬೊಂಬೆಯನ್ನು ಕಾಮಣ್ಣನ ಬೂದಿಯಲ್ಲಿ ಒಗೆದು ಕುಣಿಯುತ್ತಿದ್ದ ನಾವು ಆ ವರ್ಷ ಊರ ಹೊರಗೆ ಕುಣಿ ತೋಡಿ ಮಣ್ಣು ಕೊಟ್ಟು ಬಂದೆವು.  ಮನೆಗೆ ಬಂದರೆ ವೈನಿ ಬಾಗಿಲಲ್ಲೇ ತಡೆದಳು. ಖರೇ ಅಳುವಿನ ಪಕ್ಕದಲ್ಲಿ ಕುಳಿತು ಬಂದ ಸೀರೆ ಅವಳಿಗೆ ಬೇಡವಂತೆ. ಹೊರಗೇ ಬಿಚ್ಚಿಸಿದಳು. ಉಳಿದ ನನ್ನ ಮಾನವನ್ನು ದನಗಳ ಮರೆಯಲ್ಲಿ ಕಾಪಾಡಿಕೊಂಡೆ.

ಮುಂದೆ ನಡೆದದ್ದನ್ನು ಯಾರೂ ಕೂಡಿ ಮಾತಾಡಿ ಮಾಡಲಿಲ್ಲ. ಪಂಚಾಯಿತಿ ಸೇರಲಿಲ್ಲ, ಬಹಿಷ್ಕಾರ ಎನ್ನಲಿಲ್ಲ. ನಿಂಗವ್ವ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದು, ಒಲೆ ಆರಿಸಿ ಮೂಲೆಯಲ್ಲಿ ಕುಳಿತಳು. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ನೆರೆಯವರು ಊಟ ತರಬೇಕು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ರೊಟ್ಟಿ, ಪುಂಡಿಪಲ್ಯ ತಂದರು. ಎಲ್ಲರಿಗೂ ನೀಡಿದರು. ಶರಣಪ್ಪನಿಗೆ ತಾಟು ಇಡಲಿಲ್ಲ. ಸಿಟ್ಟಿನಿಂದಲ್ಲ, ಸತ್ತವನಿಗೆ ತಾಟು ಇಡುವ ರೂಢಿಯಿಲ್ಲ. ಆಳು ಬಂದು ಹೊಲಕ್ಕೆ ಗಳೆ ಹೂಡಬೇಕೋ ಬೇಡವೋ ಎಂದು ಮುದುಕಿಯನ್ನು ಕೇಳಿದ, ಅವನನ್ನು ಕೇಳಲಿಲ್ಲ. ಅವನ ಹೆಂಡತಿ ಬಸವ್ವ ಹೆದರಿ ಅತ್ತೆಯ ಮುಂದೆ ಕೈ ಚಾಚಿ, “ಅತ್ತೀ, ನಾ ಬಳಿ ಇಟಗೋಬೇಕೋ, ಒಡಕೋಬೇಕೋ?” ಎಂದು ಅತ್ತಳಂತೆ. “ನಿನ ಗಂಡ ಅದಾನೋ ಇಲ್ಲೋ ನೀ ನೋಡಕೋ ನನ್ನವ್ವ. ನನ ಮಗಾ ಇಲ್ಲ” ಎಂದಳಂತೆ ಮುದುಕಿ. ಬಸವ್ವ ಬಳೆ ಒಡೆಯಲಿಲ್ಲ, ಆದರೆ ಸೆರಗಿನಲ್ಲಿ ಮುಚ್ಚಿಕೊಂಡೇ ತಿರುಗಿದಳು.

ಠಾಣೆಗೆ ಹೋಗಬೇಕೆಂದು ಶರಣಪ್ಪ ರುಮಾಲು ಹುಡುಕಿದನಂತೆ. ರುಮಾಲು ಮಣ್ಣಲ್ಲಿತ್ತು. ಹೋಗಿದ್ದರೂ ಏನೆಂದು ಫಿರ್ಯಾದಿ ಬರೆಸುತ್ತಿದ್ದ? ನನ್ನ ತಾಯಿ ನನಗಾಗಿ ಅತ್ತಳು ಎಂದೇ? ಅಮೀನ ಸಾಹೇಬನ ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿದ್ದಂತೆ ಕಾಣೆ.

ಕೆಲವು ದಿನ ಕಳೆದ ಮೇಲೆ ವೈನಿ ಆ ಸೀರೆಯನ್ನು ನನ್ನ ಕೈಗೆ ಕೊಟ್ಟು, ಮಠಕ್ಕೆ ಹೋಗಿ ಅಜ್ಜನವರಿಂದ ವಿಭೂತಿ ಹಾಕಿಸಿಕೊಂಡು ಬಾ ಎಂದಳು. ಮಠದಲ್ಲಿ ಅಜ್ಜನವರ, ಎಂದರೆ ಸ್ವಾಮಿಗಳ, ಮುಂದೆ ಶರಣಪ್ಪ ಕುಳಿತಿದ್ದ. ತಲೆ ಬರಿದಾಗಿತ್ತು. ದನಿಯೂ ಅರ್ಧವಾಗಿತ್ತು.

“ಅಜ್ಜಾರ, ನಾ ಅದೀನೋ ಇಲ್ಲೋ ನೀವರ ಹೇಳ್ರಿ” ಎಂದ.

ಅಜ್ಜನವರು ಅವನಿಗೆ ನೀರು ಕೊಟ್ಟರು. ಕುಡಿದ ಮೇಲೆ, “ನೀರ ಕುಡದಿ, ಅಂದ್ರ ಜೀವಾ ಐತಿ. ಆದ್ರ ತಾಯಿ ಹೆಣಾ ಮುಂದಿಟಗೊಂಡು ಹಾಡ್ಯಾಡಿ ಅತ್ತ ಮ್ಯಾಲ ಹೆಸರು ಹೋತು ನೋಡಪಾ. ಪ್ಲೇಗಿನ ವರ್ಸ ಒಬ್ಬಾಂವ ಹಿಂಗ, ಸತ್ತಾನಂತ ಮನಿಮಂದಿ ಅತ್ತ ಮ್ಯಾಲ ಎದ್ದು ಬಂದಿದ್ದ. ತೊಟ್ಟಲಾಗ ತಲಿ ಇಡಿಸಿ ಮತ್ತ ಹೆಸರ ಇಟ್ಟು ಮನಿ ಒಳಗ ಕರಕೊಂಡ್ರು. ನೀನೂ ಹಂಗ ಮಾಡಬೇಕು” ಎಂದರು.

“ಹೆಸರ ಯಾರು ಇಡಬೇಕ್ರಿ?”

“ಸೋದರತ್ತಿ.”

“ಅಕಿ ಹೋಗಿ ಭಾಳ ವರ್ಸ ಆತ್ರಿ.”

“ಹಂಗಾದ್ರ ಮನಿ ಹೆಣ್ಣಮಗಳು.”

 “ಅಕಿ ಮುತ್ತೈದಿ ಅಲ್ರೀ” ಎಂದ ಶರಣಪ್ಪ ಮೆಲ್ಲಗೆ. ವಿಧವೆ ತೊಟ್ಟಿಲ ಹತ್ತಿರ ಬರುವಂತಿಲ್ಲ, ಇದೂ ಪದ್ಧತಿಯೇ. ಅಜ್ಜನವರು, “ನಿಮ್ಮವ್ವನ ಕೇಳು” ಎಂದರು. ಅವ್ವ ಅವನೊಡನೆ ಮಾತಾಡುವಂತಿರಲಿಲ್ಲವಲ್ಲ! ಅಲ್ಲಿ ಸೀರೆ ಹಿಡಿದು ನಿಂತವನು ನಾನೊಬ್ಬ. ಕೇಳಿಕೊಂಡು ಬರಲು ನನ್ನನ್ನೇ ಅಟ್ಟಿದರು.

ನಿಂಗವ್ವ ನನ್ನ ಮಾತನ್ನೆಲ್ಲ ಕೇಳಿದಳು. ಸುಕ್ಕುಗಟ್ಟಿದ ಆ ಮುಖದಲ್ಲಿ ಏನೂ ತಿಳಿಯಲಿಲ್ಲ. “ಸತ್ತಾಂವಗ ಹೆಸರ ಇಡಾಕ ಮುತ್ತೈದಿ ಯಾಕ ಬೇಕೋ ತಮ್ಮಾ?” ಎಂದಳು. ಅಷ್ಟೇ ಮಾತು. ಶಾಸ್ತ್ರ ಓದಿದವರ ಸಭೆಗಳಲ್ಲಿ ಆಮೇಲೆ ನಾನು ಕುಳಿತಿದ್ದೇನೆ, ಇದಕ್ಕೆ ಎದುರು ಮಾತು ಆಡಬಲ್ಲವರನ್ನು ಕಂಡಿಲ್ಲ. ಮುದುಕಿ ಅಂದು ಕಟ್ಟೆಗೆ ಬಂದಾಗಲೇ ಇಷ್ಟು ದೂರ ನೋಡಿದ್ದಳೋ, ಅಥವಾ ಸಂಕಟ ಅವಳನ್ನು ಹಾಗೆ ನಡೆಸಿತೋ, ಇಂದಿಗೂ ನನಗೆ ಬಗೆಹರಿದಿಲ್ಲ.

ಇನ್ನು ಉಳಿದದ್ದು ಗೌರವ್ವ. ಅವಳು ಒಲ್ಲೆ ಎಂದರೆ ಮುಗಿಯಿತು. ಶರಣಪ್ಪ ನಮ್ಮ ಹಿತ್ತಲಿಗೆ ಬಂದಾಗ ಅವಳು ಕುಳ್ಳು ತಟ್ಟುತ್ತಿದ್ದಳು. ಮೂರು ವರ್ಷದಲ್ಲಿ ಅವನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

“ಗೌರಿ” ಎಂದ.

“ಯಾರ್ರಿ ಅದು?” ತಲೆ ಎತ್ತದೆ ಕೇಳಿದಳು.

“ನಾ.”

“ನಾ ಅಂದ್ರ ಯಾರು? ನಮ್ಮಣ್ಣ ತೀರಿಕೊಂಡಾನ. ಅವ್ವ ಅತ್ತದ್ದು ಇಲ್ಲೀತನಾ ಕೇಳಿಸೇತಿ.”

ಅವನು ಕುಳ್ಳಿನ ರಾಶಿಯ ಪಕ್ಕದಲ್ಲಿ ಹಾಗೇ ಕುಕ್ಕರಿಸಿದ. “ನಿನ್ನ ಮದಿವ್ಯಾಗ ಅಷ್ಟು ಮಂದಿ ಮುಂದ ಮೀಸಿ ತಿರುವಿದ್ದೆ ಗೌರಿ. ನನ ತಂಗಿ ಕಣ್ಣೀರು ಹಾಕಿ ತಿರುಗಿ ಬರಂಗಿಲ್ಲ ಅಂದಿದ್ದೆ. ನೀ ಗಂಟ ಹೊತಗೊಂಡು ಬಂದಿ. ಒಳಗ ಕರಕೊಂಡ್ರ ಮಂದಿ ಏನಂತಾರಂತ…”

“ಏನಂದ್ರು ಮಂದಿ?”

ಶರಣಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಅವನ ಹೆಣದ ಮುಂದೆ ಕಾಲು ಚಾಚಿ ಅತ್ತವನನ್ನು. ನಾನು ಎಮ್ಮೆಯ ಹಿಂದೆ ಸರಿದೆ. ನಾಚಿಕೆಗೆ ಹೆದರಿ ಬಾಗಿಲು ಹಾಕಿದವನನ್ನು ನಾವು ನಾಚಿಕೆಯಿಂದಲೇ ಹೊಡೆದಿದ್ದೆವು. ಮದ್ದೂ ರೋಗವೂ ಒಂದೇ ಗಿಡದ್ದು ಎಂಬುದು ಅಷ್ಟು ಹೊತ್ತು ನಮಗೆ ತಿಳಿದಿರಲಿಲ್ಲ.

ಗೌರವ್ವ ಕೊನೆಯ ಕುಳ್ಳು ತಟ್ಟಿ ಮುಗಿಸಿ ಕೈ ತೊಳೆದುಕೊಂಡಳು. “ನಡಿ, ಹೆಸರ ಇಡತೀನಿ. ಇಟ್ಟು ತಿರುಗಿ ಇಲ್ಲಿಗೇ ಬರತೀನಿ” ಎಂದಳು.

ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಬಾಗಿಲಿನಿಂದ ಓಣಿಯವರೆಗೂ ಜನ. ಆರಡಿ ಎತ್ತರದ ಶರಣಪ್ಪ ಮೊಣಕಾಲೂರಿ ತೊಟ್ಟಿಲಲ್ಲಿ ತಲೆ ಇಟ್ಟ. ಬೇರೆ ದಿನವಾಗಿದ್ದರೆ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅಂದು ಒಬ್ಬನ ಹಲ್ಲೂ ಕಾಣಿಸಲಿಲ್ಲ. ಗೌರವ್ವ ಬಗ್ಗಿ ಅವನ ಕಿವಿಯಲ್ಲಿ ಕುರ್ರ್ ಎಂದಳು. ಹೆಸರಿಡುವಾಗ ಹಾಗೆ ಅನ್ನುತ್ತಾರೆ, ಅಂದೊಡನೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ತಮಾಷೆ, ಪ್ರೀತಿ. ಅವಳು ಕುರ್ರ್ ಎಂದಳು, ಯಾರ ಕೈಯೂ ಏಳಲಿಲ್ಲ. ಗಂಡ ಸತ್ತವಳನ್ನು ಶುಭದ ಹೊತ್ತಿನಲ್ಲಿ ಮುಟ್ಟುವುದು ಹೇಗೆ? ಆಗ ಬಸವ್ವ, ಅದೇ ಬಳೆ ಮುಚ್ಚಿಕೊಂಡು ತಿರುಗುತ್ತಿದ್ದವಳು, ಸೆರಗು ಸರಿಸಿ ಬಳೆಗೈಯಿಂದ ನಾದಿನಿಯ ಬೆನ್ನಿಗೆ ಗುದ್ದಿದಳು. ಅವಳ ಹಿಂದೆ ನಮ್ಮ ವೈನಿ. ಆಮೇಲೆ ಓಣಿಯ ಹೆಂಗಸರೆಲ್ಲ ಬಿದ್ದು ಗುದ್ದಿದರು. ವರ್ಷಗಟ್ಟಲೆ ಯಾರೂ ಮುಟ್ಟದ ಬೆನ್ನು ಅದು. ಗೌರವ್ವ ತೊಟ್ಟಿಲ ಹಗ್ಗ ಹಿಡಿದುಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ಆ ಗದ್ದಲದ ನಡುವೆಯೇ ಓಣಿಗೆಲ್ಲ ಕೇಳುವಂತೆ “ಶರಣಪ್ಪಾ” ಎಂದು ಕರೆದಳು.

“ಓ” ಎಂದ ಅವನು ತೊಟ್ಟಿಲೊಳಗಿನಿಂದ.

ನಿಂಗವ್ವ ಎದ್ದು ಹೋಗಿ ಒಲೆ ಹೊತ್ತಿಸಿದಳು. ಹೊಗೆ ಬೆಳಕಿಂಡಿಯಿಂದ ಮೇಲೆ ಬಂದದ್ದನ್ನು ಹೊರಗಿನವರೆಲ್ಲ ತಲೆಯೆತ್ತಿ ನೋಡಿದರು. ನನ್ನ ಆಯುಷ್ಯದಲ್ಲಿ ಗುಡಿಗಳನ್ನು ಕಂಡಿದ್ದೇನೆ, ಆನೆಗೊಂದಿಯ ಬಂಡೆಗಳ ನಡುವೆ ಹೊಳೆ ತುಂಬಿ ಬರುವುದನ್ನು ಕಂಡಿದ್ದೇನೆ. ಕೈ ತಾನಾಗಿ ಮುಗಿದದ್ದು ಆ ಅಡಿಗೆಮನೆಯ ಹೊಗೆಗೆ.

ಊಟವಾದ ಮೇಲೆ ಶರಣಪ್ಪ ಇಲ್ಲೇ ಇದ್ದುಬಿಡು ಎಂದು ತಂಗಿಯ ಕೈ ಹಿಡಿದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ. “ನನ್ನ ಮನಿ ಅಲ್ಲೈತಿ. ಇದು ತವರಮನಿ. ಕರದಾಗ ಬರತೀನಿ” ಎಂದು ನಮ್ಮ ಹಿತ್ತಲಿಗೆ ನಡೆದಳು. ಹೊಸ ಬೆಳೆ ಬರುವ ಮೊದಲು ಅವನು ಆ ಕೊಟ್ಟಿಗೆಗೆ ತೊಲೆ ಹಾಕಿಸಿ, ಗೋಡೆ ಎತ್ತಿಸಿ ಮನೆ ಮಾಡಿಕೊಟ್ಟ.

ಶ್ರಾವಣದಲ್ಲಿ ಪಂಚಮಿ ಬಂತು. ಹಬ್ಬದ ಮುನ್ನಾದಿನ ಗೆಜ್ಜೆಯ ಸದ್ದಿಗೆ ಹೊರಗೆ ಬಂದು ನೋಡಿದರೆ ಶರಣಪ್ಪ ಗಾಡಿ ಕಟ್ಟಿಕೊಂಡು ಬಂದಿದ್ದಾನೆ. ಎತ್ತಿನ ಬೆನ್ನಿಗೆ ಜೂಲು, ಕೋಡಿಗೆ ಗೊಂಡೆ, ಗಾಡಿಯಲ್ಲಿ ಜಮಖಾನೆ, ಅವನ ತಲೆಗೆ ಹೊಸ ರುಮಾಲು. ಐದು ಮನೆಯ ದೂರಕ್ಕೆ! ಗೌರವ್ವ ಗಂಟು ಹಿಡಿದು ಗಾಡಿ ಹತ್ತಿದಳು. ಅವನು ನೆಟ್ಟಗೆ ಮನೆಗೆ ಹೊಡೆಯಲಿಲ್ಲ. ಅಗಸಿಯ ತನಕ ಹೋಗಿ, ಮಠದ ಮುಂದೆ ಹಾದು, ನಾವು ಅವನ ಹೆಣ ಹೊತ್ತು ತಿರುಗಿದ ಓಣಿಗಳಲ್ಲೆಲ್ಲ ಗಾಡಿ ಹೊಡೆದ. ಮಂದಿ ಮಾಳಿಗೆ ಹತ್ತಿ ನೋಡಿದರು. ದಸ್ತಗಿರಿ ಸಾಬ ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟು ಎದ್ದು ನಿಂತ. ನಾನು ಗಾಡಿಯ ಹಿಂದೆ ನಡೆಯುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ, “ಗೌರಕ್ಕ, ನಾಕು ಹೆಜ್ಜಿಗೆ ಗಾಡಿ ಯಾಕವಾ? ನಡಕೊಂಡು ಹೋಗಬಾರದೇನು?” ಎಂದೆ.

ಅವಳು ಗಾಡಿಯ ಕಟಕಟೆ ಹಿಡಿದುಕೊಂಡು ನನ್ನನ್ನು ನೋಡಿದಳು. “ಮೂರ ವರ್ಸದ ಹಾದಿ ಐತೋ ತಮ್ಮಾ. ನಡಕೊಂತ ಹ್ಯಾಂಗ ಹೋಗಲಿ?” ಎಂದಳು.

ಬರೆಯುತ್ತ ಕುಳಿತು ಹೊತ್ತು ಹೋದದ್ದು ತಿಳಿಯಲಿಲ್ಲ. ಯಲಬುರ್ಗಾದ ಆ ಹುಡುಗನಿಗೆ ಅಳುವುದನ್ನು ಕಲಿಸಬೇಕು ಎಂದು ಗೊಣಗುತ್ತ ಮನೆಗೆ ಬಂದವನು ನಾನು. ಈಗ ಆ ಆಸೆ ಹೋಗಿದೆ. ಕುಷ್ಟಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ನನ್ನನ್ನು ಹೆಸರು ಹಿಡಿದು ಕರೆಯುವವರಲ್ಲಿ ಉಳಿದವಳು ಅವಳೊಬ್ಬಳೇ. ಜಗಳವಿಲ್ಲ, ಮಾತು ಬಿಟ್ಟಿಲ್ಲ. ಇಂದು ನಾಳೆ ಎನ್ನುತ್ತ ವರ್ಷಗಟ್ಟಲೆ ಸುಮ್ಮನೆ ಹೋಗದೆ ಇದ್ದೇನೆ. ಹೆಂಡತಿಯನ್ನು ಕೂಗಿ, ಬೆಳಗಿನ ಬಸ್ಸಿಗೆ ಅಕ್ಕನನ್ನು ಕರೆದು ತರಲು ಹೊರಟಿದ್ದೇನೆ ಎಂದೆ.

“ಕುಷ್ಟಗಿ ಏನ್ ಭಾಳ ದೂರೇನ್ರಿ, ಹೋಗಿ ಬರ್ರಿ” ಎಂದಳು.

ಎಷ್ಟು ದೂರ ಎಂದು ಎಣಿಸಲು ನನಗೆ ಧೈರ್ಯ ಬರಲಿಲ್ಲ.